ನೆಲಸಮವಾದ ನಾಟಕಶಾಲೆ: ಒಣಗದ ಹಸಿರು ಬಣ್ಣ

ಕೊಲೆ ನಡೆದ ಜಾಗವೇ ಈಗ ಊರಿನಲ್ಲಿ ಇರಲಿಲ್ಲ.

ಇದ್ದದ್ದು ಒಂದು ತಗಡಿನ ಬೇಲಿ. ಅದರ ಸಂದಿಗೆ ಕಣ್ಣಿಟ್ಟರೆ ಬೋಳು ಬಯಲು, ಇಟ್ಟಿಗೆಪುಡಿ ಹರಡಿದ ಕೆಂಪು ನೆಲ, ನಡುವೆ ಸೊಂಡಿಲು ಮಡಚಿಕೊಂಡು ನಿಂತ ಹಳದಿ ಯಂತ್ರ. ಇನ್ಸ್‌ಪೆಕ್ಟರಮ್ಮ ಬಹಳ ಹೊತ್ತು ಹಾಗೆಯೇ ನೋಡುತ್ತ ನಿಂತಳು. ಏನೂ ಅನಿಸಲಿಲ್ಲ. ಅಣ್ಣ ಹೋದ ದಿನದಿಂದಲೂ ಹೀಗೆಯೇ. ಹಲ್ಲು ಕೀಳಿಸಿಕೊಂಡು ಬಂದವರ ತುಟಿಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಮುಟ್ಟಿದರೆ ತಿಳಿಯುತ್ತಿತ್ತು, ನೋಯುತ್ತಿರಲಿಲ್ಲ.

"ಇಲ್ಲೇನಾ?" ಎಂದಳು.

"ಇಲ್ಲೇ," ಎಂದಳು ಮಗಳು. "ನೀನು ನಿಂತಿರೋದು ಟಿಕೆಟ್ ಕಿಟಕಿ ಹತ್ರ. ಆ ಯಂತ್ರ ನಿಂತಿರೋದು ರಂಗದ ಮೇಲೆ. ಬಾಲ್ಕನಿ ಇದ್ದದ್ದು..." ಅವಳ ಬೆರಳು ಗಾಳಿಯಲ್ಲಿ ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು. "ಅಲ್ಲಿ."

ಅಲ್ಲಿ ಒಂದು ಕಾಗೆ ಹಾರಿಹೋಗುತ್ತಿತ್ತು.

ಅಣ್ಣನ ಹೆಣ ಸಿಕ್ಕಿದ್ದು ಇಲ್ಲಲ್ಲ, ಊರಿನ ಇನ್ನೊಂದು ತುದಿಯ ಹಳೇ ನೀರಿನ ಗೋಪುರದ ಬುಡದಲ್ಲಿ. ಫೋಟೋ ತೆಗೆಯಲು ಹತ್ತಿದ್ದರು, ಕಾಲು ಜಾರಿತು ಎಂದು ಬರೆದು ಪೊಲೀಸರು ಕೈ ತೊಳೆದುಕೊಂಡಿದ್ದರು. ಬರೆದವನು ಒಂದು ಕಾಲದಲ್ಲಿ ಇನ್ಸ್‌ಪೆಕ್ಟರಮ್ಮನ ಕೈಕೆಳಗೇ ಕೆಲಸ ಕಲಿತವನು. ಅವಳು ನೌಕರಿ ಬಿಟ್ಟು ದರ್ಜಿಯ ಅಂಗಡಿಯ ಮೇಲೆ ಖಾಸಗಿ ಪತ್ತೇದಾರಿ ಕಚೇರಿ ತೆರೆದು ವರ್ಷಗಳಾಗಿದ್ದರೂ ಅವನಿಗೆ ಅವಳೆದುರು ತಲೆ ಎತ್ತಿ ಮಾತಾಡಲು ಈಗಲೂ ಬರುತ್ತಿರಲಿಲ್ಲ. "ಮೇಡಂ, ನೀವು ದುಃಖದಲ್ಲಿದೀರಿ," ಎಂದಿದ್ದ, ನೆಲ ನೋಡುತ್ತ.

ದುಃಖ! ಅದು ಬಂದಿದ್ದರೆ ಅವಳೇ ಬಾಗಿಲು ತೆರೆದು ಒಳಗೆ ಕರೆಯುತ್ತಿದ್ದಳು.

ಆಸ್ಪತ್ರೆಯ ಶವಾಗಾರದಲ್ಲಿ ಅಣ್ಣನ ಕೈ ಹಿಡಿದುಕೊಂಡಾಗ ಉಗುರಿನ ಸಂದಿಯಲ್ಲಿ ಅವಳಿಗೆ ಕಂಡದ್ದು ಹಸಿರು ಬಣ್ಣ. ಗೋಪುರವೆಲ್ಲ ಕೆಂಪು ಇಟ್ಟಿಗೆ, ಕರಿ ಕಬ್ಬಿಣ. ಹಸಿರು ಅಲ್ಲಿ ಪಾಚಿಗೂ ಇರಲಿಲ್ಲ.

ಅದಕ್ಕೇ ಇವತ್ತು ಬೆಳಿಗ್ಗೆ ಅವಳು ಮಗಳನ್ನು ಎಬ್ಬಿಸಿ ಕೇಳಿದ್ದಳು: "ನಿನ್ನ ಮಾವ ಜನರನ್ನ ಕರಕೊಂಡು ಸುತ್ತುತ್ತಿದ್ರಲ್ಲ, ಆ ಹಾದಿ ಪೂರ್ತಿ ನನಗೆ ತೋರಿಸು. ಎಲ್ಲೆಲ್ಲಿ ಹಸಿರು ಬಣ್ಣ ಇದೆ ನೋಡಬೇಕು."

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಅತ್ತಿಗೆಯ ಕೈ ಒಂದು ಗಳಿಗೆ ನಿಂತಿತ್ತು. ಗಂಡ ಹೋದ ಮೇಲೆ ಅತ್ತಿಗೆ ಇವರ ಮನೆಯಲ್ಲೇ ಇದ್ದಳು. ಅತ್ತು ಅತ್ತು ಅವಳ ಕಣ್ಣು ಬಾತಿತ್ತು. "ನೀನು ಒಂದು ಹನಿ ಕಣ್ಣೀರು ಹಾಕಲಿಲ್ಲವಲ್ಲೇ," ಎಂದಿದ್ದಳು. ಆಮೇಲೆ, "ಇವತ್ತು ಎಲ್ಲಿಗೆ?" ದಿನವೂ ಕೇಳುತ್ತಿದ್ದ ಪ್ರಶ್ನೆ ಅದು. ಇನ್ಸ್‌ಪೆಕ್ಟರಮ್ಮ ಕಾಫಿ ಕುಡಿದಳು. ಸಕ್ಕರೆ ಹಾಕಿದ್ದಳೋ ಇಲ್ಲವೋ ನಾಲಿಗೆಗೆ ತಿಳಿಯಲಿಲ್ಲ.

ಅಣ್ಣನಿಗೆ ಹಳೇ ಕಟ್ಟಡಗಳ ಇಲಾಖೆಯಲ್ಲಿ ಕೆಲಸ. ರಜಾದಿನ ಬಂದರೆ ಆಸಕ್ತಿ ಇದ್ದವರನ್ನು ಕಟ್ಟಿಕೊಂಡು ಊರು ಸುತ್ತುವ ಹುಚ್ಚು. ಇರುವ ಕಟ್ಟಡಗಳನ್ನು ಯಾರು ಬೇಕಾದರೂ ತೋರಿಸಬಹುದು. ಅಣ್ಣ ಇಲ್ಲದವನ್ನೂ ತೋರಿಸುತ್ತಿದ್ದ. ಹಳೇ ಮಾರುಕಟ್ಟೆ ಇದ್ದಲ್ಲಿ ಈಗ ವಾಹನ ನಿಲ್ಲಿಸುವ ಜಾಗ. ಅಲ್ಲಿಗೆ ಬಂದರೆ ಅವನು, "ಇಲ್ಲಿ ಬಾಗಿಲು ಗಿಡ್ಡ ಇತ್ತು, ತಲೆ ಬಗ್ಗಿಸಿ ಬನ್ನಿ," ಎನ್ನುತ್ತಿದ್ದ. ಹಿಂದೆ ಬಂದವರೆಲ್ಲ, ಬೊಕ್ಕತಲೆಯ ದೊಡ್ಡ ಮನುಷ್ಯರು ಕೂಡ, ಇಲ್ಲದ ಬಾಗಿಲಿಗೆ ತಲೆ ಬಗ್ಗಿಸುತ್ತಿದ್ದರು. ಮಗಳು ಚಿಕ್ಕಂದಿನಿಂದ ಅವನ ಬಾಲ. ಈಗ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ಕೆಲಸ, ಆದರೂ ಮಾವನ ಜೊತೆಗಿನ ಒಂದು ಸುತ್ತಾಟವನ್ನೂ ತಪ್ಪಿಸಿದವಳಲ್ಲ. ಇವತ್ತು ಆ ವಾಹನಗಳ ನಡುವೆ ನಡೆಯುವಾಗಲೂ ಅವಳ ತಲೆ ತಾನಾಗಿ ಬಗ್ಗಿತು. ತಾಯಿ ನೋಡಿದಳು.

ಅಂಚೆ ಕಚೇರಿ ಇನ್ನೂ ನಿಂತಿತ್ತು. ಕಮಾನುಗಳಿಗೆ ಬಿಳಿ ಸುಣ್ಣ, ಒಂದು ಕಮಾನಿನೊಳಗೆ ಮೊಬೈಲ್ ರಿಪೇರಿ ಅಂಗಡಿ. ಗ್ರಂಥಾಲಯದ ಕಂಬಗಳಿಗೆ ಕಂದು ಬಣ್ಣ. ಜೈಲು ಹೋಗಿ ಉದ್ಯಾನವಾಗಿತ್ತು, ಉಳಿದದ್ದು ಒಂದೇ ಗೋಡೆ, ಅದರ ಮೇಲೆ ಪ್ರೇಮಿಗಳ ಹೆಸರುಗಳು. ಎಲ್ಲೂ ಹಸಿರಿಲ್ಲ. ನಾಟಕಶಾಲೆಯೊಂದನ್ನು ಮಗಳು ಕೊನೆಗೆ ಇಟ್ಟಿದ್ದಳು. ಅಣ್ಣನ ಹೆಣ ಗೋಪುರದ ಬಳಿ ಸಿಕ್ಕ ಬೆಳಿಗ್ಗೆಯೇ ಯಂತ್ರಗಳು ಬಂದು ಅದನ್ನು ಉರುಳಿಸಿದ್ದವು.

"ಬಾಲ್ಕನಿ ರೇಲಿಂಗ್ ಯಾವ ಬಣ್ಣ ಇತ್ತು?" ಎಂದಳು ಇನ್ಸ್‌ಪೆಕ್ಟರಮ್ಮ.

ಮಗಳು ಬೇಲಿಯ ತಗಡನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಹಸಿರು," ಎಂದಳು.

ಬೇಲಿಯ ಕಾವಲುಗಾರ ಬೀಡಿ ಆರಿಸಿ ಹೇಳಿದ: "ಮರದ್ದೆಲ್ಲ ಗುಜರಿಗೆ ಹೋಯ್ತಮ್ಮ. ರೈಲು ಹಳಿ ಪಕ್ಕ. ಹೊಟ್ಟೆ ದೊಡ್ಡ ಇರೋರು ಒಬ್ಬರಿದಾರೆ, ಅವರನ್ನ ಕೇಳಿ."

*

ಹೊಟ್ಟೆ ನಿಜಕ್ಕೂ ದೊಡ್ಡದಿತ್ತು. ಗುಜರಿ ವ್ಯಾಪಾರಿ ಯಾವುದೋ ಬಂಗಲೆಯ ಹೆಬ್ಬಾಗಿಲನ್ನು ಇಟ್ಟಿಗೆಗಳ ಮೇಲೆ ಅಡ್ಡ ಹಾಕಿ ಅದನ್ನೇ ಮೇಜು ಮಾಡಿಕೊಂಡು ಕೂತಿದ್ದ. ಅವನ ಹಿಂದೆ ಕಿಟಕಿಗಳು, ತೊಲೆಗಳು, ಗೋಡೆಯಿಲ್ಲದ ಬಾಗಿಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು.

"ಊರಿನ ಅರ್ಧ ಚರಿತ್ರೆ ನನ್ನ ಹಿತ್ತಲಲ್ಲಿದೆ ಮೇಡಂ," ಎಂದ. "ಇನ್ನರ್ಧ ನಿಂತಿದೆ. ಕಾಯ್ತಾ ಇದೀನಿ." ತಾನೇ ನಕ್ಕ. ಇನ್ಸ್‌ಪೆಕ್ಟರಮ್ಮನ ಮುಖ ನೋಡಿ ನಗು ನುಂಗಿಕೊಂಡ. "ನಿಮ್ಮಣ್ಣ ನನ್ನನ್ನ 'ಕಟ್ಟಡಗಳ ಹೆಣ ಹೊರೋನು' ಅಂತ ಕರೀತಿದ್ರು. ಬೈದು ಬೈದೇ ಬಂದು ಇಲ್ಲೇ ಟೀ ಕುಡೀತಿದ್ರು. ಒಳ್ಳೇ ಮನುಷ್ಯ."

"ನಾಟಕಶಾಲೆದು ಎಲ್ಲಿದೆ?"

ಮಗಳು ಗೇಟಿನ ಹೊರಗೇ ನಿಂತಳು. "ಧೂಳು ಆಗಲ್ಲಮ್ಮ ನಂಗೆ," ಎಂದಳು. ಅಣ್ಣನ ಹಿಂದೆ ಅದೆಷ್ಟು ಧೂಳು ಕುಡಿದಿದ್ದಳೋ. ಆದರೆ ಇನ್ಸ್‌ಪೆಕ್ಟರಮ್ಮನ ಮನಸ್ಸು ಆಗಲೇ ಮುಂದೆ ಹೋಗಿತ್ತು, ಆ ಮಾತು ಅವಳ ತಲೆಗೆ ಹೋಗಲಿಲ್ಲ.

ಬಾಲ್ಕನಿಯ ರೇಲಿಂಗು ಹಿತ್ತಲ ಮೂಲೆಯಲ್ಲಿ ತುಂಡುತುಂಡಾಗಿ ಬಿದ್ದಿತ್ತು. ಒಳ್ಳೆಯ ತೇಗ, ಮೇಲೆ ದಪ್ಪ ಹಸಿರು ಬಣ್ಣ. ಹಳೆಯದಾದ್ದರಿಂದ ಮುಟ್ಟಿದರೆ ಹಪ್ಪಳದಂತೆ ಸುಲಿದು ಬರುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತಳು. ಒಂದೊಂದೇ ತುಂಡು ತಿರುಗಿಸಿ ನೋಡಿದಳು. ತುದಿಗಳೆಲ್ಲ ಒಂದೇ ಥರ ಇದ್ದವು: ಯಂತ್ರದ ಗರಗಸ ಕೊಯ್ದ ನುಣ್ಣನೆಯ ಕೊಯ್ತ.

ಒಂದರದ್ದು ಮಾತ್ರ ಬೇರೆ.

ಆ ತುದಿ ಕೆಳಗಿನರ್ಧ ಕೊಯ್ದಿತ್ತು, ಮೇಲಿನರ್ಧ ಹರಿದಿತ್ತು. ಹರಿದ ಕಡೆ ನಾರುನಾರಾಗಿ ಎದ್ದ ಮರ. ಕೊಯ್ದ ಕಡೆ ಕೈಗರಗಸದ ಅಂಕುಡೊಂಕು ಗೆರೆಗಳು. ಆ ಗೆರೆಗಳ ಸಂದಿಗೆ ಯಾರೋ ಮೇಣ ತುಂಬಿ, ಮೇಲೆ ಹಸಿರು ಬಳಿದು ತೇಪೆ ಹಾಕಿದ್ದರು. ಅವಳು ಉಗುರಿನಿಂದ ಕೆರೆದಳು. ಈ ಬಣ್ಣ ಸುಲಿಯಲಿಲ್ಲ. ಮೇಣದ ಮೇಲೆ ಬಳಿದದ್ದು ಒಣಗದೆ ಅಂಟಿನಂತೆ ಉಗುರಿನೊಳಗೆ ಸೇರಿಕೊಂಡಿತು.

ಅಣ್ಣನ ಉಗುರಿನಲ್ಲಿದ್ದದ್ದೂ ಅಂಟುಬಣ್ಣವೇ. ಆಸ್ಪತ್ರೆಯಲ್ಲಿ ಒರೆಸಿದರೂ ಹೋಗಿರಲಿಲ್ಲ.

"ಇದನ್ನ ನಿಮ್ಮವರು ಕೊಯ್ದದ್ದಾ?"

ವ್ಯಾಪಾರಿ ಬಗ್ಗಲಾರದೆ ಬಗ್ಗಿ ನೋಡಿದ. "ಛೆ ಛೆ. ಈ ಕಾಲದಲ್ಲಿ ಕೈಗರಗಸ ಯಾರು ಹಿಡೀತಾರೆ? ಇದು ಯಾರೋ ಕದ್ದುಮುಚ್ಚಿ ಮಾಡಿದ್ದು. ನಾವೇನು ಕದ್ದುಮುಚ್ಚಿ ಕೆಡವ್ತೀವಾ? ಊರೆಲ್ಲ ನೋಡ್ತಾ ಇರುತ್ತೆ."

"ಇದು ಬಾಲ್ಕನಿಯ ಯಾವ ಭಾಗ?"

"ನಟ್ಟನಡುವಿಂದು. ನೋಡಿ, ಹೂವಿನ ಕೆತ್ತನೆ ಇದೆಯಲ್ಲ. ನಿಮ್ಮಣ್ಣ ಯಾವಾಗಲೂ ಅಲ್ಲೇ ನಿಂತು ಬಗ್ಗಿ ಜನಕ್ಕೆ ಮೇಲ್ಛಾವಣಿ ತೋರಿಸ್ತಿದ್ರು. ನಾನೂ ಒಂದು ಸಲ ಹೋಗಿದ್ದೆ. ಎಲ್ಲರೂ ಛಾವಣಿ ನೋಡ್ತಿದ್ರು, ನಾನು ತೇಗ ನೋಡ್ತಿದ್ದೆ."

ಅಂದರೆ ಕೊಯ್ದವರಿಗೆ ಅಣ್ಣ ಎಲ್ಲಿ ನಿಲ್ಲುತ್ತಾನೆ, ಹೇಗೆ ಬಗ್ಗುತ್ತಾನೆ ಎಂಬುದು ಗೊತ್ತಿತ್ತು. ಅವನ ಹಿಂದೆ ಒಮ್ಮೆಯಾದರೂ ನಡೆದವರು.

"ಕೆಡವೋ ಮೊದಲು ಕೀಲಿ ಯಾರ ಹತ್ರ ಇತ್ತು?"

"ಇನ್ಯಾರ ಹತ್ರ, ಆರ್ಕಿಟೆಕ್ಟ್ ಹತ್ರ. ಕಟ್ಟಡ ಬೀಳೋ ಸ್ಥಿತಿ ಅಂತ ಸಹಿ ಹಾಕಿದ್ದೂ ಅವರೇ ಅಲ್ವಾ? ನಿಮ್ಮಣ್ಣನ ಕಾಲೇಜು ಗೆಳೆಯ." ಅವನು ಹೊಟ್ಟೆ ಸವರಿಕೊಂಡ. "ನೀರಿನ ಗೋಪುರದ ಕೀಲಿನೂ ಅದೇ ಗೊಂಚಲಲ್ಲಿರುತ್ತೆ. ಅದರ ರಿಪೇರಿನೂ ಅವರದ್ದೇ."

*

ಒಂದು ಕಾಲಕ್ಕೆ ಇಡೀ ಊರು ಈ ಗೋಪುರದ ನೀರು ಕುಡಿದಿತ್ತು. ಈಗ ಮೇಲಿನ ಕಬ್ಬಿಣದ ತೊಟ್ಟಿ ಒಣಗಿ, ಅದರಡಿಯ ದುಂಡು ಕೋಣೆಯಲ್ಲಿ ಸಿಮೆಂಟು ಚೀಲಗಳಿದ್ದವು. ಗೋಡೆಗುಂಟ ಸುತ್ತಿಕೊಂಡು ಹೋಗುವ ಮೆಟ್ಟಿಲು. ಮಗಳು ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನೀನು ಹೋಗಿ ಬಾ. ನಾನಿಲ್ಲೇ ಇರ್ತೀನಿ."

ಅಣ್ಣ ಬಿದ್ದಿದ್ದ ಜಾಗ ಆ ಬಾಗಿಲಿನಿಂದ ಕಾಣುತ್ತಿತ್ತು. ಯಾರೋ ಅಲ್ಲಿ ಮರಳು ಸುರಿದಿದ್ದರು. ಇನ್ಸ್‌ಪೆಕ್ಟರಮ್ಮ ಮರಳನ್ನು ನೋಡಿದಳು, ಮೆಟ್ಟಿಲು ಹತ್ತಿದಳು.

ಆರ್ಕಿಟೆಕ್ಟ್ ಗೋಡೆಯ ಬಿರುಕಿಗೆ ಸುಣ್ಣದ ಗಾರೆ ತುಂಬುತ್ತಿದ್ದ. ಕೆಲಸದವರನ್ನು ಕಳಿಸಿ ತಾನೇ ಕೈಹಾಕುವ ಚಾಳಿ ಅವನದು. ನೆರೆತ ಗಡ್ಡದಲ್ಲೂ ಸುಣ್ಣ. ಅವಳು ಲಂಗ ತೊಡುತ್ತಿದ್ದ ಕಾಲದಿಂದ ಅವಳನ್ನು ನೋಡಿದವನು. ಕಳ್ಳಕಾಕರು ಹೆಸರು ಕೇಳಿದರೆ ಬೆವರುತ್ತಿದ್ದ ಇನ್ಸ್‌ಪೆಕ್ಟರಮ್ಮ ಅವನ ಬಾಯಲ್ಲಿ ಇಂದಿಗೂ ಪುಟ್ಟಿ.

"ಬಾ ಪುಟ್ಟಿ. ಊಟ ಆಯ್ತಾ?"

ಅವಳು ಕೈ ಮುಂದೆ ಚಾಚಿದಳು. "ಉಗುರು ನೋಡಿ."

"ಏನದು?"

"ನಾಟಕಶಾಲೆ ಬಾಲ್ಕನಿ. ಅಣ್ಣನ ಉಗುರಲ್ಲೂ ಇತ್ತು."

"ಅವನು ವಾರಕ್ಕೊಮ್ಮೆ ಅಲ್ಲಿಗೆ ಹೋಗ್ತಿದ್ದ. ಇರದೆ ಏನು?"

"ಇದು ಹಳೇ ಬಣ್ಣ ಅಲ್ಲ. ರೇಲಿಂಗನ್ನ ಅರ್ಧ ಕೊಯ್ದು, ಮೇಣ ತುಂಬಿ, ಮೇಲೆ ಬಳಿದಿದ್ದು. ಅಣ್ಣ ಹಿಡ್ಕೊಂಡಿದ್ದಾನೆ. ಮುರಿದಿದೆ. ಅಲ್ಲಿ ಬಿದ್ದೋನು ಇಲ್ಲಿಗೆ ಹೇಗೆ ಬಂದ?" ಅವಳ ಧ್ವನಿಯಲ್ಲಿ ಏರಿಳಿತವಿರಲಿಲ್ಲ, ಹಾಲಿನವನು ಬಂದನೇ ಎಂದು ಕೇಳುವವರ ಧ್ವನಿ. "ಎರಡೂ ಕೀಲಿ ಇರೋದು ನಿಮ್ಮ ಹತ್ರ ಮಾತ್ರ."

ಗಾರೆಯ ಕರಣೆ ಅವನ ಕೈಯಲ್ಲಿ ಹಾಗೇ ಉಳಿಯಿತು.

"ಕೊಯ್ದಿದ್ರಾ?" ಎಂದ. "ಕೊಯ್ದಿದ್ರು ಅಂದ್ಯಾ?"

ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು. ಎಷ್ಟೋ ಜನರನ್ನು ಎದುರು ಕೂರಿಸಿಕೊಂಡು ಕೇಳಿದವಳು ಅವಳು. ಸುಳ್ಳು ಹೇಳುವವರ ಮುಖದಲ್ಲಿ ಮೊದಲು ಬರುವುದು ಭಯ. ಇವನ ಮುಖದಲ್ಲಿ ಬಂದದ್ದು ಬೆರಗು. ಆಮೇಲೆ ಬಂದದ್ದು ಭಯ.

ಅವನು ಸಿಮೆಂಟು ಚೀಲದ ಮೇಲೆ ಕುಸಿದು ಕೂತ. "ಮರ ಲಡ್ಡಾಗಿತ್ತು ಅಂದ್ಕೊಂಡಿದ್ದೆ ಪುಟ್ಟಿ. ದೇವರಾಣೆ. ಕಟ್ಟಡ ಬೀಳುತ್ತೆ ಅಂತ ಸಹಿ ಹಾಕಿದ್ದು ನಾನು. ಆ ವಿಷಯಕ್ಕೆ ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ಕೊನೆಗೆ ಅವನೇ ಬಂದ. 'ನಾಡಿದ್ದು ಕೆಡವ್ತಾರೆ, ಒಂದು ಸಲ ನೋಡ್ಕೊಂಡು ಬರ್ತೀನಿ, ಕೀಲಿ ಕೊಡು' ಅಂದ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಕೊಟ್ಟೆ. ಕೀಲಿ ಒಂದು ರಾತ್ರಿ ಅವನ ಮನೇಲೇ ಇತ್ತು. ಮಾರನೇ ಸಂಜೆ ಫೋನ್ ಬಂತು. ಹೋಗಿ ನೋಡಿದ್ರೆ ಕುರ್ಚಿಗಳ ಮಧ್ಯೆ ಬಿದ್ದಿದ್ದಾನೆ."

"ಸತ್ತಿದ್ನಾ?"

"ಜೀವ ಇತ್ತು."

ತೊಟ್ಟಿಯೊಳಗೆಲ್ಲೋ ಪಾರಿವಾಳವೊಂದು ರೆಕ್ಕೆ ಬಡಿಯಿತು. ಆ ಕೋಣೆಯಲ್ಲಿ ಸಣ್ಣ ಸದ್ದೂ ಸುತ್ತುಹೊಡೆದು ಮೆಟ್ಟಿಲಿಳಿದು ಹೋಗುತ್ತಿತ್ತು.

"ಮುಂದೆ ಹೇಳಿ," ಎಂದಳು.

"ಗಾಡಿಗೆ ಹಾಕ್ಕೊಂಡು ಆಸ್ಪತ್ರೆ ಕಡೆ ಹೊರಟೆ. ಸೇತುವೆ ದಾಟಿರಲಿಲ್ಲ, ಹಿಂದಿನ ಸೀಟಲ್ಲಿ ಉಸಿರಿನ ಸದ್ದು ನಿಂತುಹೋಯ್ತು. ಗಾಡಿ ನಿಲ್ಲಿಸಿ ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ. ಎಲ್ಲಿ ಬಿದ್ದ ಅಂತ ಕೇಳ್ತಾರೆ. ಯಾರೂ ಒಳಗೆ ಹೋಗಬಾರದು ಅಂತ ಬರೆದೋನು ನಾನು, ಬೀಗ ತೆಗೆಯೋಕೆ ಕೀಲಿ ಕೊಟ್ಟೋನೂ ನಾನು. ವಾಪಸ್ ಅಲ್ಲೇ ಬಿಟ್ಟಿದ್ರೆ ಬೆಳಿಗ್ಗೆ ಯಂತ್ರ ಬಂದು ಇಟ್ಟಿಗೆ ಜೊತೆ ಬಾಚಿ ಲಾರಿಗೆ ಹಾಕ್ತಿತ್ತು. ನಿಮಗೆ ಮುಖ ನೋಡೋಕೂ ಸಿಗ್ತಿರಲಿಲ್ಲ. ಅದೊಂದು ನನ್ನ ಕೈಲಿ ಆಗಲಿಲ್ಲ. ಇಲ್ಲಿಗೆ ತಂದೆ. ಕ್ಯಾಮೆರಾ ಪಕ್ಕದಲ್ಲಿಟ್ಟೆ." ಅವನು ಸುಣ್ಣದ ಕೈಯಿಂದಲೇ ಮುಖ ಒರೆಸಿಕೊಂಡ. "ನನ್ನ ಹಿಡ್ಕೊಡು. ಬೇಡ ಅನ್ನಲ್ಲ. ಆದ್ರೆ ಗರಗಸ ನಾನು ಮುಟ್ಟಿಲ್ಲ."

ಇನ್ಸ್‌ಪೆಕ್ಟರಮ್ಮ ಕಿಟಕಿಯ ಕಡೆ ತಿರುಗಿದಳು. ಅಲ್ಲಿಂದ ಇಡೀ ಊರು ಕಾಣುತ್ತಿತ್ತು. ಅಂಚೆ ಕಚೇರಿಯ ಕಮಾನು, ಗ್ರಂಥಾಲಯದ ಗುಮ್ಮಟ, ನಡುನಡುವೆ ಗಾಜಿನ ಹೊಸ ಕಟ್ಟಡಗಳು. ಈಗಲಾದರೂ ಅಳು ಬರಬೇಕಿತ್ತು. ಗಾಡಿಯ ಹಿಂದಿನ ಸೀಟು, ಸೇತುವೆ, ನಿಂತ ಉಸಿರು, ಎಲ್ಲವನ್ನೂ ಒಂದೊಂದಾಗಿ ಎದೆಯ ಮುಂದೆ ಹಿಡಿದು ನೋಡಿದಳು. ಪರರ ಮನೆಯ ಸುದ್ದಿಯ ಹಾಗಿತ್ತು.

"ಫೋನ್ ಬಂತು ಅಂದ್ರಿ. ಯಾರದ್ದು?"

ಅವನು ಕರಣೆಗೆ ಅಂಟಿದ ಗಾರೆಯನ್ನು ಬೆರಳಿನಿಂದ ಕೆರೆಯತೊಡಗಿದ.

"ಅಣ್ಣನ ಫೋನ್ ಒಡೆದುಹೋಗಿತ್ತು. ಅವನು ಮಾಡಿರೋಕೆ ಸಾಧ್ಯ ಇಲ್ಲ. ಅವನ ಜೊತೆ ಇನ್ನೊಬ್ಬರಿದ್ರು. ಯಾರು?"

"ಅದನ್ನ ಕೇಳಬೇಡ ಪುಟ್ಟಿ."

"ಕೇಳ್ತಾ ಇದೀನಿ."

"ಗಾಡೀಲಿ ಅವನು ಆಡಿದ್ದು ಒಂದೇ ಮಾತು. 'ತಂಗಿಗೆ ತಿಳೀಬಾರದು' ಅಂದ. 'ಅವಳು ಬೆನ್ನು ಹತ್ತಿದ್ರೆ ಬಿಡೋಳಲ್ಲ' ಅಂದ. ಸಾಯೋನ ಮಾತು. ಅದಕ್ಕೇ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡೆ."

ಅವಳು ಉಗುರಿನ ಹಸಿರನ್ನು ನೋಡಿಕೊಂಡಳು. ತನಗೆ ಏಕೆ ತಿಳಿಯಬಾರದು? ಅಣ್ಣ ಯಾರನ್ನು ಉಳಿಸಲು ನೋಡಿದ?

"ಫೋನ್ ಮಾಡಿದ್ದು ಯಾರು?"

ಆರ್ಕಿಟೆಕ್ಟ್ ತಲೆ ಎತ್ತಲಿಲ್ಲ. "ನಿನ್ನ ಮಗಳು."

ಊರಿನ ಎಷ್ಟೋ ಜನರ ಫೋನ್ ಕರೆಗಳನ್ನು ಹಳೇ ಪರಿಚಯ ಹಿಡಿದು ಜಾಲಾಡಿಸಿದ್ದಳು ಇನ್ಸ್‌ಪೆಕ್ಟರಮ್ಮ. ಅಣ್ಣನ ಕಚೇರಿಯವರದು, ಹಳೇ ಕಟ್ಟಡ ಕೆಡವಿಸುವ ಬಿಲ್ಡರನದು; ಇವನದೂ ಕೇಳಿದ್ದಳು, ಇನ್ನೂ ಬಂದಿರಲಿಲ್ಲ. ತನ್ನದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ಹುಡುಗಿಯನ್ನು ಒಂದು ಮಾತು ಕೇಳಿರಲಿಲ್ಲ. ಅವಳ ಮೌನ ಕಂಡಿತ್ತು. ಮಾವನ ಮೇಲಿನ ಪ್ರೀತಿ, ಸಂಕಟ, ಎಂದುಕೊಂಡು ಬದಿಗಿಟ್ಟಿದ್ದಳು.

"ಅವಳನ್ನ ಆಗಲೇ ಆಟೋ ಹತ್ತಿಸಿ ಮನೆಗೆ ಕಳಿಸಿದೆ," ಎನ್ನುತ್ತಿದ್ದ ಅವನು. "ಮಾವನಿಗೆ ಏನೂ ಆಗಲ್ಲ, ಆಸ್ಪತ್ರೆಗೆ ಕರಕೊಂಡು ಹೋಗ್ತೀನಿ ಅಂದಿದ್ದೆ. ಬೆಳಿಗ್ಗೆ ಅವನು ಇಲ್ಲಿ ಸಿಕ್ಕ ಅಂತ ಕೇಳಿದಾಗ ಅದು ಏನು ತಿಳ್ಕೊಂಡಿತೋ..."

"ನೀವೇ ಕೊಂದ್ರಿ ಅಂತ ತಿಳ್ಕೊಂಡೆ ಅಂಕಲ್."

ಮಗಳು ಮೆಟ್ಟಿಲ ಬಾಯಲ್ಲಿ ನಿಂತಿದ್ದಳು. ಕೋಣೆಯ ಮಾತೆಲ್ಲ ಕೆಳಗೆ ಹರಿದು ಅವಳ ಕಿವಿಗೆ ಬಿದ್ದಿತ್ತು. ಅವಳ ಮುಖ ಬಿಳಿಚಿತ್ತು, ಮಾತು ಮಾತ್ರ ಸ್ಪಷ್ಟ. ಆ ಧ್ವನಿಯನ್ನು ಇನ್ಸ್‌ಪೆಕ್ಟರಮ್ಮ ಗುರುತು ಹಿಡಿದಳು. ಅದು ತನ್ನದೇ ಧ್ವನಿ, ಏರಿಳಿತವಿಲ್ಲದ್ದು.

"ನಿಮಗೆ ಫೋನ್ ಮಾಡೋಕೆ ಹೇಳಿದ್ದು ಮಾವನೇ. 'ಅಮ್ಮನಿಗೆ ಬೇಡ, ಅವನಿಗೆ ಮಾಡು' ಅಂದ್ರು. ಆಸ್ಪತ್ರೆಗೆ ಅಂತ ಹೇಳಿ ಇಲ್ಲಿ ಎಸೆದ್ರಿ ಅಂತ ದಿನಾ ರಾತ್ರಿ ನಿಮ್ಮನ್ನ ಶಪಿಸ್ತಿದ್ದೆ. ರೇಲಿಂಗ್ ಕೊಯ್ದಿದ್ರು ಅಂತ ಈಗ ಕೇಳಿದೆ." ಅವಳು ಗೋಡೆ ಹಿಡಿದುಕೊಂಡಳು. "ಈಗ ಅರ್ಥ ಆಯ್ತು."

"ಏನು ಅರ್ಥ ಆಯ್ತು ಮಗಳೇ?" ಎಂದಳು ತಾಯಿ.

"ಅಲ್ಲಿ ನಾನು, ಮಾವ, ಇಬ್ಬರೇ ಇರಲಿಲ್ಲ ಅಮ್ಮ. ಅತ್ತೆನೂ ಬಂದಿದ್ರು. ಕೊನೇ ಸಲ ನೋಡ್ತೀನಿ ಅಂತ ಹಟ ಮಾಡಿ ಬಂದಿದ್ರು. ಅಂಕಲ್ ಬರೋ ಹೊತ್ತಿಗೆ ಹೊರಟುಹೋಗಿದ್ರು. ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು."

ಬೆಳಿಗ್ಗೆ ಕಾಫಿ ಸೋಸುತ್ತ ನಿಂತುಹೋದ ಅತ್ತಿಗೆಯ ಕೈ ಇನ್ಸ್‌ಪೆಕ್ಟರಮ್ಮನ ಕಣ್ಣ ಮುಂದೆ ಬಂತು. ಅವಳು ಮಗಳ ತುಟಿಗಳನ್ನೇ ನೋಡುತ್ತಿದ್ದಳು.

"ಮಾವ ಯಾವಾಗಲೂ ನಿಲ್ಲೋ ಕಡೆ ಹೋದ್ರು. ಅತ್ತೆ ನನ್ನ ಪಕ್ಕದಲ್ಲಿದ್ರು. ಅತ್ತೆ ಕಿರುಚಿದ್ರು, 'ಬೇಡಾ' ಅಂತ."

"ಕಣ್ಣೆದುರು ಗಂಡ ಬಿದ್ರೆ ಕಿರುಚದೆ ಇರ್ತಾರಾ ಮಗೂ," ಎಂದ ಆರ್ಕಿಟೆಕ್ಟ್.

ಮಗಳು ಅವನ ಕಡೆ ತಿರುಗಲಿಲ್ಲ. ತಾಯಿಯನ್ನೇ ನೋಡುತ್ತ ಹೇಳಿದಳು:

"ಬಿದ್ದಾಗ ಅಲ್ಲ ಅಮ್ಮ. ಮಾವ ಇನ್ನೂ ರೇಲಿಂಗಿಗೆ ಕೈ ಇಟ್ಟಿರಲೇ ಇಲ್ಲ."